ಹೊಳೆಯುವ ಜಾಕೆಟ್: ಎರಡು

ಎದುರಿನ ಗಾಜಿನ ಬಾಗಿಲ ಮೇಲೆ ಬೆಳ್ಳಗಿನದೊಂದು ಪಟ್ಟಿ, ಇದೆ, ಇಲ್ಲ, ಮತ್ತೆ ಇದೆ, ಲಿಫ್ಟು ಬಂದು ಬಾಗಿಲು ತೆರೆದಾಗಲೆಲ್ಲ ಮಿನುಗುತ್ತದೆ, ಮುಚ್ಚಿದರೆ ಆರಿಹೋಗುತ್ತದೆ, ಯಾರು ಅಂಟಿಸಿದರೋ ಅದನ್ನು, ಆಪರೇಷನ್ ಥಿಯೇಟರಿನ ಬಾಗಿಲಿಗೆ ಇಂಥದ್ದು ಯಾಕೆ ಬೇಕು, ನೀತಾ ಕಣ್ಣು ಕಿರಿದು ಮಾಡಿ ನೋಡಿದಳು, ಆಸ್ಪತ್ರೆಯವರಿಗೇನು, ಗೋಡೆ ಕಂಡರೆ ಸಾಕು ಏನಾದರೂ ಅಂಟಿಸುತ್ತಾರೆ, ಸದ್ದು ಮಾಡಬೇಡಿ ಅಂತ ಮೂರು ಭಾಷೆಯಲ್ಲಿ ಅಂಟಿಸಿ ಅದರ ಕೆಳಗೇ ನಿಂತು ವಾರ್ಡ್‌ಬಾಯ್‌ಗಳು ಕ್ರಿಕೆಟ್ ಜಗಳ ಆಡುತ್ತಾರೆ, ಆ ಮೂರರಲ್ಲಿ ಕನ್ನಡ ಇಲ್ಲ, ಪುಣೆಯಲ್ಲಿ ಯಾಕಿರಬೇಕು, ಫಿನೈಲಿನ ವಾಸನೆ, ಒದ್ದೆ ಛತ್ರಿಗಳ ವಾಸನೆ, ತೊಡೆಯ ಮೇಲೆ ಒಂದು ಫಾರ್ಮು, ಕೈಯಲ್ಲಿ ಸೂಪರ್‌ವೈಸರ್ ಶಿವಪ್ರಕಾಶರು ಕೊಟ್ಟುಹೋದ ಪೆನ್ನು, ಒಳಗೆ ಓಂಕಾರ್. ಬೆಳಿಗ್ಗೆ ಅವಳ ಜೊತೆ ಆಂಬುಲೆನ್ಸಿನಲ್ಲಿ ಹೊರಟ ಓಂಕಾರ್, ಅವಳ ಪೈಲಟ್ — ಇವರ ಸರ್ವಿಸಿನಲ್ಲಿ ಡ್ರೈವರ್ ಅನ್ನುವ ಹಾಗಿಲ್ಲ, ಪೈಲಟ್ ಅನ್ನಬೇಕು, ವಿಮಾನ ಎಲ್ಲಿ ಇಳಿಸಲಿ ಮ್ಯಾಡಮ್ ಅಂತ ಅವನೇ ಆಡಿಕೊಳ್ಳುತ್ತಿದ್ದ — ಈಗ ಸೊಂಟದ ಎಲುಬು ಮುರಿದು, ಹೊಟ್ಟೆಯೊಳಗೆ ರಕ್ತ ಸೋರಿ, ಬಾಗಿಲಾಚೆ ಮಲಗಿದ್ದಾನೆ, ಬಾಗಿಲ ಈಚೆ ಕೂತವಳಿಗೆ ಕಣ್ಣು ಮುಚ್ಚಿದರೆ ಸಾಕು ಆ ಅಂಗೈ, ಮಳೆಯಲ್ಲಿ ಮೇಲೆತ್ತಿದ ಅಂಗೈ, ಐದೂ ಬೆರಳು ಬಿಡಿಸಿಕೊಂಡು, ಬೇಡ, ಕಣ್ಣು ಮುಚ್ಚುವುದೇ ಬೇಡ, ಫಾರ್ಮು ನೋಡು ನೀತಾ, ಫಾರ್ಮು ತುಂಬು.

ಗಾಡಿಯ ನಂಬರು ಬರೆದಾಗಿದೆ, ಜಾಗ ಬರೆದಾಗಿದೆ, ಹಿಂಜವಾಡಿ ತಿರುವಿನ ಹತ್ತಿರ ಹೆದ್ದಾರಿ, ಮಳೆ, ಮಬ್ಬು ಬೆಳಕು, ಮುಂದಿನದು ಜಾಕೆಟ್ಟು, ಗಾಯಗೊಂಡ ಸಿಬ್ಬಂದಿ ಹೊಳೆಯುವ ಜಾಕೆಟ್ ಧರಿಸಿದ್ದರೇ, ಹೌದು, ಇಲ್ಲ, ಒಂದಕ್ಕೆ ಗುರುತು ಹಾಕಿ. ಇಂಥ ಫಾರ್ಮು ತುಂಬುವುದು ಅವಳಿಗೇನು ಹೊಸದೇ, ಆಯುರ್ವೇದ ಓದಿ ಆಂಬುಲೆನ್ಸ್ ಹತ್ತಿದ ಡಾಕ್ಟರು ಅವಳು, ಹೊಸಬರು ಸೇರಿದಾಗ ಪಾಠ ಹೇಳುವವಳೂ ಅವಳೇ, ಕಂಡದ್ದು ಬರೀರಿ, ಕೇಳಿದ್ದು ಬರೀರಿ, ಮಾಡಿದ್ದು ಬರೀರಿ, ಊಹಿಸಿದ್ದನ್ನು ಬರೀಬೇಡಿ, ಕುಡಿದಿದ್ದ ಅಂತ ಬರೀಬೇಡಿ, ಬಾಯಿಂದ ಮದ್ಯದ ವಾಸನೆ ಬರುತ್ತಿತ್ತು ಅಂತ ಬರೀರಿ, ಬಿದ್ದ ಅಂತ ಬರೀಬೇಡಿ, ಬೀಳುವುದನ್ನು ನೀವು ನೋಡಿಲ್ಲ, ನೆಲದ ಮೇಲಿದ್ದ ಅಂತ ಬರೀರಿ, ಹುಡುಗರು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು, ಹಿಂದಿನ ಬೆಂಚಿನಲ್ಲಿ ಓಂಕಾರ್ ಕೂತು ನಗುತ್ತಿದ್ದ, ಅವನದು ಅದರ ಮುಂದಿನ ಪಾಠ, ರಸ್ತೆಯ ಪಾಠ, ಗಾಡಿ ಓರೆಯಾಗಿ ನಿಲ್ಲಿಸಬೇಕು, ಬರುವ ವಾಹನಗಳಿಗೆ ಎಚ್ಚರಿಕೆಯ ಕೋನ್‌ಗಳನ್ನು ದೂರ ಇಡಬೇಕು, ಮೊದಲು ನಿಮ್ಮ ಜೀವ, ಆಮೇಲೆ ಜೊತೆಗಾರನ ಜೀವ, ಆಮೇಲೇ ರೋಗಿ, ಈ ಕ್ರಮ ತಪ್ಪಿದರೆ ಒಬ್ಬರ ಬದಲು ಇಬ್ಬರನ್ನು ಹೊರಬೇಕಾಗುತ್ತದೆ, ಮರಾಠಿಯಲ್ಲಿ ಹೇಳುತ್ತಿದ್ದ, ಬೆರಳು ಮಡಚಿ ಎಣಿಸುತ್ತಿದ್ದ, ಅದೇ ಕೈ, ಸ್ಟಿಯರಿಂಗ್ ಹಿಡಿದು ಹಿಡಿದು ಜಡ್ಡುಗಟ್ಟಿದ ಕೈ. ಶಿವಪ್ರಕಾಶರು ಸಂಜೆಯೊಳಗೆ ಫಾರ್ಮು ಬೇಕು ಅಂದಿದ್ದಾರೆ.

ನರ್ಸೊಬ್ಬಳು ಬಂದು ಪೇಷಂಟಿಗೆ ನೀವು ಏನಾಗಬೇಕು ಅಂತ ಕೇಳಿದ್ದಳು, ಎಷ್ಟು ಸಲೀಸಾದ ಪ್ರಶ್ನೆ, ನೀತಾ ತಾನೇ ಎಷ್ಟು ಜನರಿಗೆ ಕೇಳಿಲ್ಲ, ಹೆಂಡತಿಯೋ, ತಂಗಿಯೋ, ಪಕ್ಕದ ಮನೆಯವರೋ, ಬೇಗ ಹೇಳಿ, ಮತ್ತು ತನ್ನ ಸರದಿ ಬಂದಾಗ ಬಾಯಿಗೆ ಬಂದದ್ದು ಸ್ಟಾಫ್ ಅನ್ನುವ ಒಂದು ಮಾತು, ನರ್ಸು ತಲೆಯಾಡಿಸಿ ಆ ಕಡೆಯ ಬೆಂಚಿಗೆ ಹೋದಳು, ಅಲ್ಲಿ ಓಂಕಾರನ ಹೆಂಡತಿ ಚಿತ್ರಾ ಕೂತಿದ್ದಾಳೆ, ಸುತ್ತ ಅಣ್ಣತಮ್ಮಂದಿರು, ಚಾಳಿನ ಹೆಂಗಸರು, ಯಾರೋ ನೀರು ಕುಡಿಸುತ್ತಿದ್ದಾರೆ, ಯಾರೋ ಬೆನ್ನು ಸವರುತ್ತಿದ್ದಾರೆ, ಈ ಬೆಂಚಿನ ಮೇಲೆ ನೀತಾ ಒಬ್ಬಳೇ, ಅವಳ ಬೆನ್ನು ಸವರಲು ಯಾರಿದ್ದಾರೆ, ಯಾಕೆ ಸವರಬೇಕು, ಅವಳಿಗೇನಾಗಿದೆ, ಮೊಣಕಾಲಿಗೆ ಕೆಸರಾಗಿದೆ ಅಷ್ಟೇ. ಯೆರವಡಾದ ಎರಡು ಕೋಣೆಯ ಮನೆಯಲ್ಲಿ ಅವ್ವ ಕಾಶವ್ವ ಇರುವ ತನಕ ಕನ್ನಡ ಇತ್ತು, ಅಪ್ಪ ಬಟ್ಟೆ ಅಂಗಡಿಯ ಲೆಕ್ಕ ಬರೆಯಲು ಜಮಖಂಡಿಯಿಂದ ಬಂದಾಗ ತಂದ ಕನ್ನಡ, ಅಪ್ಪ ಮೊದಲೇ ಹೋಗಿದ್ದ, ಅವ್ವ ಹೋದ ಮೇಲೆ ಮನೆಯಲ್ಲಿ ಮಾತೇ ನಿಂತುಹೋಯಿತು, ಫ್ರಿಜ್ಜಿನ ಗುರುಗುಟ್ಟುವಿಕೆ ಒಂದು ಬಿಟ್ಟರೆ. ಅವ್ವ ದಿನಾ ಮಧ್ಯಾಹ್ನ ಫೋನ್ ಮಾಡುತ್ತಿದ್ದಳು, ಗಾಡಿ ಓಡುತ್ತಿದ್ದರೂ, ಹಿಂದೆ ರೋಗಿ ನರಳುತ್ತಿದ್ದರೂ, ಊಟ ಆತೇನ ನೀತಾ, ಅವ್ವಾ ಆಮ್ಯಾಲ ಮಾತಾಡ್ತೀನಿ ಇಡು, ಅಲ್ಲವ್ವಾ ಊಟ ಆತೇನ ಅಷ್ಟ ಹೇಳು, ಓಂಕಾರ್ ಕಿವಿಯಲ್ಲಿ ಅದು ಕೂತುಬಿಟ್ಟಿತ್ತು, ಅರ್ಥ ಕೇಳಿ ತಿಳಿದುಕೊಂಡಿದ್ದ, ಅವ್ವನ ಕಾರ್ಯ ಮುಗಿಸಿ ಅವಳು ಡ್ಯೂಟಿಗೆ ಬಂದ ಮೊದಲ ದಿನ, ಬಿಸಿಲು ನೆತ್ತಿಗೆ ಏರಿದ ಹೊತ್ತಿಗೆ, ರಸ್ತೆಯಿಂದ ಕಣ್ಣು ತೆಗೆಯದೆ, ಊಟ ಆತೇನ್ರೀ ಮ್ಯಾಡಮ್ ಅಂದ, ರೀ ಅನ್ನುವುದನ್ನು ಎಲ್ಲಿಂದ ಕಲಿತನೋ, ಅವಳು ಡ್ಯಾಶ್‌ಬೋರ್ಡಿನಲ್ಲಿ ಏನೋ ಹುಡುಕುವವಳ ಹಾಗೆ ಬಗ್ಗಿದಳು, ಕಣ್ಣೀರು ನಿಲ್ಲುವ ತನಕ ಹುಡುಕಿದಳು. ಅಂದಿನಿಂದ ದಿನವೂ ಕೇಳುತ್ತಾನೆ, ಸಿಟ್ಟು ಬಂದ ದಿನವೂ ಕೇಳುತ್ತಾನೆ, ಪ್ರೀತಿ ಗೀತಿ ಅಂತ ಯಾರಾದರೂ ಅಂದರೆ ಅವಳು ನಕ್ಕುಬಿಟ್ಟಾಳು, ಅಂಥದ್ದೇನೂ ಇಲ್ಲ, ಅವನ ಮನೆ ಯಾವ ಗಲ್ಲಿಯಲ್ಲಿದೆ ಅನ್ನುವುದೂ ಅವಳಿಗೆ ಗೊತ್ತಿಲ್ಲ, ಆದರೆ ಇಷ್ಟು ದೊಡ್ಡ ಊರಿನಲ್ಲಿ ಅವಳು ಉಂಡಳೋ ಇಲ್ಲವೋ ಅಂತ ಕೇಳುವ ಮನುಷ್ಯ ಅವನೊಬ್ಬನೇ. ಇವತ್ತು ಯಾರೂ ಕೇಳಿಲ್ಲ.

ಕೇಳಿದರಲ್ಲ, ಶಿವಪ್ರಕಾಶರು ಚಹಾ ಕುಡೀತೀರೇನ್ರಿ ಅಂತ ಕೇಳಿದರಲ್ಲ, ಒಳ್ಳೆಯ ಮನುಷ್ಯರು, ಈ ಭಾಗದ ಗಾಡಿಗಳಿಗೆಲ್ಲ ಸೂಪರ್‌ವೈಸರು, ಮುಧೋಳದ ಕಡೆಯವರು, ಅವಳ ಜೊತೆ ಕನ್ನಡವನ್ನೇ ಆಡುತ್ತಾರೆ, ಇಷ್ಟು ದಿನ ಅದೊಂದು ಸಮಾಧಾನವಾಗಿತ್ತು, ಇವತ್ತು ಅವರು ಚಹಾದ ಕಪ್ಪು ಹಿಡಿದು ಪಕ್ಕದಲ್ಲಿ ಕೂತು, ಆ ಕಡೆಯ ಬೆಂಚಿನವರಿಗೆ ಒಂದಕ್ಷರವೂ ತಿಳಿಯದ ಕನ್ನಡದಲ್ಲಿ, ದನಿ ಕೂಡ ತಗ್ಗಿಸದೆ, ನೀತಾ ಮೇಡಂ, ಸಿಟ್ಟಾಗಬ್ಯಾಡ್ರಿ, ನಮ್ಮ ಮಂದಿ ಅಂತ ಬಿಚ್ಚಿ ಹೇಳ್ಲಿಕತ್ತೀನಿ, ನೀವು ನೋಡಿದ್ದಷ್ಟ ಬರೀರಿ, ಓಂಕಾರ್ ಜಾಕೆಟ್ ಹಾಕ್ಕೊಂಡಿದ್ನೇನು, ಇಲ್ಲ, ಇಲ್ಲ ಅಂತ ಗುರುತು ಹಾಕ್ರಿ, ಅದ್ರಾಗ ಸುಳ್ಳೇನದ, ಒಂದ ಅಕ್ಷರ ಹೆಚ್ಚಿಗಿ ಬ್ಯಾಡ, ಗಾಡಿಯೊಳಗ ಜಾಕೆಟ್ ಎಷ್ಟಿದ್ವು ಅಂತ ಕೇಳಿದ್ರ ಮುಂಜಾನಿ ಚೆಕ್‌ಲಿಸ್ಟ್ ಅದ, ಎರಡು, ಬರದಾಕಿ ನೀವ, ಸಹಿ ನಿಮ್ದ. ಹೌದು, ಬರೆದವಳು ಅವಳೇ, ಎರಡು, ಬೇಸಿಗೆಯಿಂದ ದಿನಾ ಬೆಳಿಗ್ಗೆ ಬರೆಯುತ್ತಿದ್ದಾಳೆ ಎರಡು, ಇರುವುದು ಒಂದು. ಇನ್ನೊಂದನ್ನು ಅವಳೇ ಬಿಚ್ಚಿ, ಬಸ್ಸಿಗೆ ಸಿಕ್ಕಿ ಬಟ್ಟೆ ಹರಿದುಹೋಗಿದ್ದ ಹೆಂಗಸೊಬ್ಬಳಿಗೆ ಹೊದಿಸಿದ್ದಳು, ಅದು ಆ ಹೆಂಗಸಿನ ಜೊತೆಗೆ ಆಸ್ಪತ್ರೆಯ ಒಳಗೆ ಹೋದದ್ದು ಹೊರಗೆ ಬರಲಿಲ್ಲ, ಹೊಸದು ಬೇಕು ಅಂತ ಕೇಳಿಯಾಯಿತು, ಬರ್ತದ ಬರ್ತದ ಅಂದರು ಶಿವಪ್ರಕಾಶರು, ಅಲ್ಲಿಯ ತನಕ ಒಂದು ಅಂತ ಬರೆದರೆ ಗಾಡಿಯಲ್ಲಿ ಸಾಮಾನು ಕಡಿಮೆ ಅಂತಾಗುತ್ತದೆ, ಸಾಮಾನು ಕಡಿಮೆಯಾದ ಗಾಡಿಯನ್ನು ರಸ್ತೆಗೆ ಬಿಡುವುದಿಲ್ಲ, ಒಂದು ಜಾಕೆಟ್ಟಿಗೋಸ್ಕರ ಗಾಡಿ ನಿಂತು ಯಾರೋ ಎದೆ ಹಿಡಿದುಕೊಂಡು ಸಾಯಬೇಕೇ, ಅದಕ್ಕೇ ಎಲ್ಲ ಗಾಡಿಯವರೂ ಎಲ್ಲ ಇದೆ ಅಂತಲೇ ಬರೆಯುತ್ತಾರೆ, ಇದು ಸುಳ್ಳು ಅಂತ ಯಾರಿಗೂ ಅನಿಸುವುದೇ ಇಲ್ಲ, ದೇವರ ಗುಡಿ ಕಂಡರೆ ಕೈ ತಾನೇ ಎದೆಗೆ ಹೋಗುವ ಹಾಗೆ ಪೆನ್ನು ತಾನೇ ಎರಡು ಅಂತ ಬರೆಯುತ್ತದೆ. ಮತ್ತೆ ಅವರಿಬ್ಬರ ನಡುವೆ ಒಂದು ಪದ್ಧತಿಯೂ ಬೆಳೆದಿತ್ತು, ರೋಗಿಯ ಪಕ್ಕ ಬಗ್ಗಿ ಕೂರುವವರಿಗೆ ಜಾಕೆಟ್ಟು, ಬಗ್ಗಿ ಕೂತವರಿಗೆ ಬರುವ ಗಾಡಿ ಕಾಣುವುದಿಲ್ಲವಲ್ಲ, ನಿಂತವನಿಗೆ ಕಾಣುತ್ತದೆ ಅಂತ ಓಂಕಾರನೇ ತೀರ್ಮಾನ ಮಾಡಿದ್ದ, ತುಮ್ಹೀ ಘಾಲಾ ಮ್ಯಾಡಮ್, ನೀವು ಹಾಕಿಕೊಳ್ಳಿ, ನಾನು ನೋಡಿಕೊಳ್ಳುತ್ತೇನೆ. ಬಗ್ಗಿ ಕೂರುವವಳು ಯಾವಾಗಲೂ ಅವಳೇ.

ಇಲ್ಲ ಅಂತ ಗುರುತು ಹಾಕಿದರೆ ಕಾಗದದ ಮೇಲೆ ಏನಾಗುತ್ತದೆ, ಗಾಡಿಯಲ್ಲಿ ಎರಡು ಜಾಕೆಟ್ಟಿದ್ದವು, ಡಾಕ್ಟರು ಒಂದು ಹಾಕಿಕೊಂಡರು, ಪೈಲಟ್ ಹಾಕಿಕೊಳ್ಳಲಿಲ್ಲ, ತನ್ನ ಅಜಾಗರೂಕತೆಯಿಂದ ತಾನೇ ಪೆಟ್ಟು ತಿಂದ, ಪರಿಹಾರದ ಅರ್ಜಿ ಅಲ್ಲಿಗೆ ಮುಗಿಯಿತು, ಒಳಗೆ ಬದುಕಿಕೊಂಡರೂ ಆ ಸೊಂಟ ಇಟ್ಟುಕೊಂಡು ಅವನು ಇನ್ನು ಗಾಡಿ ಓಡಿಸುವುದಿಲ್ಲ, ನಿರ್ಲಕ್ಷ್ಯ ಮಾಡಿದವ ಅಂತ ಹೆಸರು ಬೇರೆ, ರಸ್ತೆಯ ಪಾಠ ಹೇಳುತ್ತಿದ್ದವನಿಗೆ. ಒಂದು ಅಂತ ಬರೆದರೆ ಅವನಿಗೆ ನ್ಯಾಯ ಸಿಕ್ಕೀತು, ಅವಳ ಕೆಲಸ ಹೋಗುತ್ತದೆ, ಸುಳ್ಳು ಚೆಕ್‌ಲಿಸ್ಟ್ ಅಂದ್ರ ಸಣ್ಣ ಮಾತಲ್ಲ ಮೇಡಂ, ನಿಮ್ದೂ ಹೋಗ್ತದ ನಂದೂ ಹೋಗ್ತದ, ಅವನ ಸಲುವಾಗಿ ಬೇಕಾದ್ರ ಚಂದಾ ಎತ್ತೋಣು, ನಾನ ಮೊದಲು ಕೊಡ್ತೀನಿ, ಶಿವಪ್ರಕಾಶರ ಕಣ್ಣು ಕೆಂಪಾಗಿತ್ತು, ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು, ಬೈದು ಎದ್ದುಹೋಗಬಹುದಿತ್ತು. ಕೆಲಸ ಹೋದರೆ ಏನುಳಿಯುತ್ತದೆ, ಎರಡು ಕೋಣೆ, ಫ್ರಿಜ್ಜು. ಅವಳಿಗೆ ಭಯವಾಯಿತು, ಕೆಲಸದ ಭಯವಲ್ಲ ಅದು, ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲದ ಭಯ.

ಬೆಳಿಗ್ಗೆ ಎಷ್ಟು ಸಾದಾ ಕೇಸಾಗಿತ್ತು, ಸ್ಕೂಟಿ ಜಾರಿ ಬಿದ್ದ ಹುಡುಗಿ, ಐಟಿ ಕಂಪನಿಯ ಬಿಲ್ಲೆ ಕೊರಳಲ್ಲಿ, ಮಣಿಕಟ್ಟು ಮುರಿದಿದೆ, ಬೇರೇನಿಲ್ಲ, ಸ್ಕೂಟಿ ಅಷ್ಟು ದೂರದಲ್ಲಿ ಹೊಟ್ಟೆ ಮೇಲೆ ಮಾಡಿ ಬಿದ್ದಿತ್ತು, ಓಂಕಾರ್ ಗಾಡಿಯನ್ನು ಓರೆಯಾಗಿ ನಿಲ್ಲಿಸಿ ಹುಡುಗಿಗೆ ಮರೆ ಮಾಡಿದ, ಗಾಡಿಯ ಹಿಂಬದಿ ವಾಹನಗಳು ಬರುವ ಕಡೆಗೆ, ಇವಳೂ ಹುಡುಗಿಯೂ ಗಾಡಿಯ ಮುಂದೆ, ಎಲ್ಲ ಪಾಠದ ಪ್ರಕಾರ, ಅವನು ಹಿಂದೆ ಹೋಗಿ ಕೋನ್ ಇಡುತ್ತಿದ್ದ, ಮಳೆ ಹೇಗಿತ್ತೆಂದರೆ ಅವನ ನೀಲಿ ಅಂಗಿ ನೆನೆದು ರಸ್ತೆಯ ಬಣ್ಣವೇ ಆಗಿತ್ತು, ಹುಡುಗಿ ನನ್ನ ಮೀಟಿಂಗ್ ಇದೆ ಅಂತ ಅಳುತ್ತಿದ್ದಳು, ಕೈಗೆ ಕಟ್ಟುವ ಪಟ್ಟಿ ಬೇಕಿತ್ತು, ಪಟ್ಟಿ ಗಾಡಿಯ ಹಿಂಬಾಗಿಲಲ್ಲಿತ್ತು, ಓಂಕಾರನನ್ನು ಕೂಗಬಹುದಿತ್ತು, ಕೂಗಿದರೆ ಮಳೆಯಲ್ಲಿ ಕೇಳುತ್ತಿರಲಿಲ್ಲ, ಎದ್ದು ತಾನೇ ಹೊರಟಳು, ಗಾಡಿಯ ಪಕ್ಕದಿಂದ ಹಿಂದಕ್ಕೆ, ರಸ್ತೆಯ ಕಡೆಯ ಪಕ್ಕದಿಂದ, ಆಗ ಅಂಗೈ. ಆಮೇಲೆ ಸದ್ದು. ಕಂಪನಿಯ ಕ್ಯಾಬು, ಶಿಫ್ಟಿಗೆ ತಡವಾದವರನ್ನು ತುಂಬಿಕೊಂಡು ಬಂದದ್ದು, ಕೋನನ್ನೂ ಅವನನ್ನೂ ಒಟ್ಟಿಗೆ ಎತ್ತಿ ಎಸೆದು ಅಷ್ಟು ದೂರ ಹೋಗಿ ನಿಂತಿತು. ಅವಳು ಅವನ ಪಕ್ಕ ಬಗ್ಗಿ ಕೂತಳು, ಇನ್ನೊಂದು ಗಾಡಿ ಕಳಿಸಿ ಅಂತ ಫೋನಿಗೆ ಕೂಗಿದಳು, ಗಾಡಿ ಅಲ್ಲೇ ಇತ್ತು, ಓಡಿಸುವವನಿರಲಿಲ್ಲ, ಸಲಾಯಿನ್ ಹಚ್ಚಿ, ಕತ್ತು ಅಲುಗದ ಹಾಗೆ ಎರಡೂ ಕೈಯಲ್ಲಿ ತಲೆ ಹಿಡಿದಳು, ಮಣಿಕಟ್ಟು ಮುರಿದ ಹುಡುಗಿ ಅಳು ನಿಲ್ಲಿಸಿ ಬಂದು ಸರಿಯಿದ್ದ ಕೈಯಲ್ಲಿ ಸಲಾಯಿನ್ ಬಾಟಲಿ ಎತ್ತಿ ಹಿಡಿದು ನಿಂತಳು, ಮಳೆಯಲ್ಲಿ ನಡುಗುತ್ತ, ಇಳಿಸಲೇ ಇಲ್ಲ. ಕಾನ್‌ಸ್ಟೇಬಲ್ ಬಂದು ಏನಾಯಿತು ಅಂತ ಕೇಳಿದಾಗ ನೀತಾ ಮರಾಠಿಯಲ್ಲಿ ಹೇಳಿದಳು, ಕ್ಯಾಬು ನಿಲ್ಲಿಸಲು ಕೈ ಎತ್ತಿದರು, ಅದು ನಿಲ್ಲಲಿಲ್ಲ, ಅವನು ಹಾಗೇ ಬರೆದುಕೊಂಡ.

ತಾಈ. ಅಕ್ಕಾ ಅಂತ ಮರಾಠಿಯಲ್ಲಿ ಯಾರೋ ಕರೆದರು, ಚಿತ್ರಾ, ತನ್ನ ಬೆಂಚಿನಿಂದ ಎದ್ದು ಬಂದು ಎದುರಿಗೆ ನಿಂತಿದ್ದಾಳೆ, ಸಣ್ಣ ಹೆಂಗಸು, ಎಣ್ಣೆ ಹಚ್ಚಿ ಬಿಗಿದ ಜಡೆ, ಅಡುಗೆ ಮನೆಯಿಂದ ಹಾಗೇ ಬಂದವಳ ಕೈಗೆ ಇನ್ನೂ ಹಿಟ್ಟು ಅಂಟಿದೆ, ನೀತಾ ಎದ್ದು ನಿಲ್ಲಲು ಹೋದಳು, ಚಿತ್ರಾ ಭುಜ ಒತ್ತಿ ಕೂರಿಸಿ ತಾನೂ ಪಕ್ಕದಲ್ಲಿ ಕೂತಳು, ನೀವು ಹತ್ತಿರವೇ ಇದ್ದಿರಿ ಅಲ್ಲವೇ ತಾಈ, ಏನಾದರೂ ಅಂದರೇ ಅವರು. ಏನು ಹೇಳಲಿ, ನಿಮ್ಮ ಹೆಸರು ಹಿಡಿದು ಕರೆದರು ಅನ್ನಲೇ, ಮಗಳು ಪೂರ್ವಾಳ ಹೆಸರು ಹೇಳಿದರು ಅನ್ನಲೇ, ಅಂಥದ್ದೇನೂ ಹೇಳಿರಲಿಲ್ಲ, ಕೇಳಿದ್ದಷ್ಟೇ ಹೇಳಬೇಕು, ಗಾಡಿ ಬಾಜೂಲಾ ಘ್ಯಾ ಅಂದರು, ಗಾಡಿ ಪಕ್ಕಕ್ಕೆ ತಗೊಳ್ಳಿ, ಹಿಂದೆ ಟ್ರಾಫಿಕ್ ಆಗುತ್ತದೆ ಅಂದರು, ಚಿತ್ರಾ ನಕ್ಕಳು, ಅವರೇ, ಅವರೇ ಅದು, ಅಂದಳು, ನಗು ಅರ್ಧಕ್ಕೆ ಅಳುವಾಯಿತು. ನೀವೂ ಆ ಸಾಹೇಬರೂ ನಿಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದಿರಿ, ನನಗೆ ತಿಳಿಯಲಿಲ್ಲ, ನನಗೆ ಗೊತ್ತಿರುವುದು ಊಟ ಆತೇನ್ರೀ ಒಂದೇ, ರಾತ್ರಿ ತಟ್ಟೆಯ ಮುಂದೆ ಕೂತು ಪೂರ್ವಾಳನ್ನು ದಿನಾ ಹಾಗೆ ಕೇಳುತ್ತಾರೆ, ಅವಳು ನಗುತ್ತಾಳೆ, ತಾಈ ಒಂದು ಕೇಳಲೇ, ಅವರು ಜಾಕೆಟ್ ಹಾಕಿರಲಿಲ್ಲವಂತೆ, ಹೌದೇ, ತರಕಾರಿ ತರಲು ಹೊರಟರೂ ನನಗೆ ಹೆಲ್ಮೆಟ್ ಹಾಕಿಸುವ ಮನುಷ್ಯ, ಅವರು ಯಾಕೆ ಹಾಕಿರಲಿಲ್ಲ. ಕೇಳುತ್ತ ಕೇಳುತ್ತ ಚಿತ್ರಾಳ ಕಣ್ಣು ನೀತಾಳ ಭುಜದ ಮೇಲೆ ನಿಂತಿತು, ಎದೆಗೆ ಇಳಿಯಿತು, ಲಿಫ್ಟಿನ ಬಾಗಿಲು ತೆರೆಯಿತು, ಬೆಳಕು ಬಿತ್ತು, ಎದುರಿನ ಗಾಜಿನಲ್ಲಿ ಪಟ್ಟಿ ಮಿನುಗಿತು, ಒಂದಲ್ಲ ಮೂರು, ಎರಡು ಉದ್ದಕ್ಕೆ ಒಂದು ಅಡ್ಡಕ್ಕೆ, ನೀತಾ ತಲೆ ತಗ್ಗಿಸಿದಳು, ಜಾಕೆಟ್ಟು ಅವಳ ಮೈಮೇಲೇ ಇದೆ. ಬೆಳಗಿನಿಂದ ಬಿಚ್ಚಿಲ್ಲ. ಸ್ಟ್ರೆಚರಿನ ಜೊತೆ ಓಡುವಾಗಲೂ ಇತ್ತು, ನರ್ಸಿಗೆ ಸ್ಟಾಫ್ ಅನ್ನುವಾಗಲೂ ಇತ್ತು, ಶಿವಪ್ರಕಾಶರು ನೋಡಿದ್ದಾರೆ, ನೋಡಿಯೂ ಏನೂ ಅನ್ನಲಿಲ್ಲ, ಚಾಳಿನ ಹೆಂಗಸರೆಲ್ಲ ನೋಡಿದ್ದಾರೆ, ಅದರ ಕಿತ್ತಳೆ ಬಣ್ಣದ ಮೇಲೆ ಓಂಕಾರನ ರಕ್ತ ಒಣಗಿ ಕಂದಾಗಿದೆ. ಅವಳಿಗೆ ನಾಚಿಕೆಯಾಯಿತು, ಮೈಯೆಲ್ಲ ಸುಡುವ ನಾಚಿಕೆ, ಬಿಚ್ಚಿ ಬೆಂಚಿನ ಕೆಳಗೆ ತುರುಕಬೇಕು ಅನಿಸಿತು, ಕೈ ಜಿಪ್ಪಿಗೆ ಹೋಯಿತು, ಹೋದ ಕೈ ಅಲ್ಲೇ ನಿಂತಿತು. ಇದ್ದದ್ದು ಒಂದೇ ಅಂದಳು, ಮರಾಠಿಯಲ್ಲಿ, ಚಿತ್ರಾಳ ಮುಖ ನೋಡಿ, ಗಾಡಿಯಲ್ಲಿ ಇದ್ದದ್ದು ಇದೊಂದೇ, ನೀವು ಹಾಕಿಕೊಳ್ಳಿ ಅಂತ ನನಗೆ ಕೊಟ್ಟರು. ಚಿತ್ರಾ ಎದ್ದು ತನ್ನವರ ಬೆಂಚಿಗೆ ಹೋಗಿ ಕೂತಳು.

ಹೇಳಿದ್ದಾಯಿತು, ಹೇಳಿದ್ದು ಗಾಳಿಗೆ ಹೋಗುತ್ತದೆ, ಶಿವಪ್ರಕಾಶರು ಅದೇ ಹೇಳುತ್ತಾರೆ, ಗಾಬರ್‍ಯಾಗ ಏನೋ ಅಂದಿರಿ ಬಿಡ್ರಿ, ಬರೆದದ್ದೊಂದೇ ಉಳಿಯುವುದು, ಪೆನ್ನಿನ ಮುಚ್ಚಳ ತೆಗೆದಳು, ಹೌದು, ಇಲ್ಲ, ಇಲ್ಲ ಅನ್ನುವುದಕ್ಕೆ ಗುರುತು ಹಾಕಿದಳು, ಅದು ನಿಜ, ಅದರ ಪಕ್ಕದಲ್ಲಿ ಜಾಗವಿರಲಿಲ್ಲ, ಅಂಚಿನಲ್ಲಿ ಬರೆದಳು, ಅಂಚು ಸಾಲದೆ ಕೆಳಗೆ ಬರೆದಳು, ವಾಹನದಲ್ಲಿದ್ದ ಜಾಕೆಟ್ ಒಂದು, ಅದನ್ನು ಧರಿಸಿದ್ದವಳು ನಾನು, ಇಂದು ಬೆಳಿಗ್ಗೆ ಎರಡು ಎಂದು ಬರೆದು ಸಹಿ ಹಾಕಿದವಳೂ ನಾನು, ಅದು ಸುಳ್ಳು, ಬೇಸಿಗೆಯಿಂದ ಬರೆದದ್ದೆಲ್ಲ ಸುಳ್ಳು. ಹಗುರಾಗುತ್ತದೆ ಅಂದುಕೊಂಡಿದ್ದಳು, ಆಗಲಿಲ್ಲ, ಕೆಲಸ ಹೋಯಿತು ಅಂತ ಮಾತ್ರ ಅನಿಸಿತು, ನಾಳೆ ಬೆಳಿಗ್ಗೆ ಏಳುವುದು, ಚಹಾ ಮಾಡುವುದು, ಕುಡಿಯುವುದು, ಆಮೇಲೆ. ಇರಲಿ. ಮುಂದಿನ ಕಾಲಂ, ಘಟನೆಯ ಕ್ಷಣದಲ್ಲಿ ಗಾಯಗೊಂಡ ಸಿಬ್ಬಂದಿ ಏನು ಮಾಡುತ್ತಿದ್ದರು, ಇದು ಸುಲಭ, ಕಾನ್‌ಸ್ಟೇಬಲ್‌ಗೆ ಹೇಳಿದ್ದೇ, ಕ್ಯಾಬು ನಿಲ್ಲಿಸಲು ಕೈ ಎತ್ತಿದರು, ಬರೆದಳು, ಬರೆದು ಓದಿದಳು, ನಿಲ್ಲಿಸಲು, ನಿಲ್ಲಿಸಲು ಅನ್ನುವುದು ಕಂಡದ್ದೇ, ಊಹಿಸಿದ್ದೇ, ಹೊಸ ಹುಡುಗರು ಯಾರಾದರೂ ಹೀಗೆ ಬರೆದಿದ್ದರೆ ಕೆಂಪು ಗೆರೆ ಎಳೆಯುತ್ತಿದ್ದಳು, ಎಳೆದಳು, ಕಂಡದ್ದು ಬರಿ ನೀತಾ, ಏನು ಕಂಡಿತು, ಅಂಗೈ ಕಂಡಿತು. ಹೇಗಿತ್ತು. ಮಳೆನೀರು ಇಳಿಯುತ್ತಿತ್ತು, ಐದೂ ಬೆರಳು ಬಿಡಿಸಿತ್ತು, ಬೆರಳ ಬುಡದಲ್ಲಿ ಜಡ್ಡು, ನಡುವೆ ಆ ಉದ್ದನೆಯ ಗೆರೆ, ಗ್ರೀಸು ಕೂತು ಕಪ್ಪಾದದ್ದು. ಗೆರೆ ಕಂಡಿತೇ. ಕಂಡಿತು. ಕ್ಯಾಬು ಬಂದದ್ದು ಅವನ ಆ ಕಡೆಯಿಂದ. ಅವಳಿದ್ದದ್ದು ಈ ಕಡೆ, ಗಾಡಿಯ ಪಕ್ಕದಿಂದ ಅವನ ಕಡೆಗೇ ನಡೆಯುತ್ತ. ಕ್ಯಾಬಿಗೆ ಕೈ ತೋರಿಸಿದ್ದರೆ ಅವಳಿಗೆ ಕಾಣಬೇಕಾದದ್ದು ಅವನ ಬೆನ್ನು, ಕೈಯ ಹಿಂಬದಿ. ಬೆನ್ನು ಕಾಣಲಿಲ್ಲ. ಮುಖ ಕಂಡಿತು, ಬಾಯಿ ತೆರೆದಿತ್ತು, ಮಳೆಯಲ್ಲಿ ಕೇಳಲಿಲ್ಲ. ಬೆನ್ನು ಕ್ಯಾಬಿನ ಕಡೆಗಿತ್ತು, ಒದ್ದೆಯಾದ, ಹೊಳಪಿಲ್ಲದ ಬೆನ್ನು. ಅಲ್ಲೇ ನಿಲ್ಲಿ ಮ್ಯಾಡಮ್. ಅಂಗೈ. ಪೆನ್ನು ಕಾಗದದ ಮೇಲೆ ನಿಂತಲ್ಲೇ ಮಸಿ ಹರಡುತ್ತಿದೆ, ಎತ್ತಬೇಕು, ಎತ್ತಲಾಗುತ್ತಿಲ್ಲ, ಅಂಗೈ, ಕಪ್ಪು ಗೆರೆ, ಬಿಡಿಸಿದ ಐದು ಬೆರಳು, ಅವಳ ಕಡೆಗೆ, ಅವಳ ಕಡೆಗೆ